ನೋಡಿದವರ ಹೆಸರು

ಫೆಬ್ರವರಿ 3, ಸೋಮವಾರ

ಅಕ್ಷರ ಸೊಟ್ಟಗಿದೆ, ಒತ್ತು ಎಲ್ಲಿ ಕೊಡಬೇಕು ಎಲ್ಲಿ ಬಿಡಬೇಕು ಎಂದು ಸರಿಯಾಗಿ ತಿಳಿಯುವುದಿಲ್ಲ. ತಪ್ಪಾಯಿತು. ಯಾರನ್ನು ಕ್ಷಮೆ ಕೇಳುತ್ತಿದ್ದೇನೋ ನನಗೇ ಗೊತ್ತಿಲ್ಲ, ಇದನ್ನು ನಾನಲ್ಲದೆ ಇನ್ನೊಬ್ಬರು ಓದುವುದಿಲ್ಲ. ಆದರೂ ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ಪೆನ್ನು ಹಿಡಿದರೆ ಮೊದಲು ತಪ್ಪೊಪ್ಪಿಕೊಂಡು ಆಮೇಲೆ ಮುಂದಕ್ಕೆ ಹೋಗಬೇಕು ಅನ್ನಿಸುತ್ತದೆ.

ಡೈರಿ ಔಷಧಿ ಕಂಪನಿಯವರು ಕೊಟ್ಟದ್ದು. ಬಸವಮ್ಮ ಸಿಸ್ಟರ್ ತಮಗೆ ಎರಡು ಬಂತೆಂದು ಒಂದನ್ನು ನನಗೆ ಕೊಟ್ಟರು. ಒಂದು ತಿಂಗಳು ಖಾಲಿಯೇ ಇತ್ತು. ಇವತ್ತು ಬರೆಯುವುದಕ್ಕೆ ಕಾರಣ ಬಿಂದುಶ್ರೀ.

ನಾನು ಮಧುಗಿರಿಯ ಈ ಆಸ್ಪತ್ರೆಗೆ ಆಯಾ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಕೊರೋನಾ ಎರಡನೇ ಸಲ ಬಂದಾಗ ಬಡವನಹಳ್ಳಿಯಿಂದ ಬಂದು ಸೇರಿದೆ. ಆಗ ಆ ಪ್ಲಾಸ್ಟಿಕ್ ಅಂಗಿಯೊಳಗೆ ಬೆವರಿ ಎರಡು ಸಲ ತಲೆಸುತ್ತಿ ಬಿದ್ದಿದ್ದೇನೆ. ಬಿಂದುಶ್ರೀ ಗೌಡಗೆರೆ ಕಡೆಯವಳು. ಬಂದು ಮೂರು ತಿಂಗಳು. ಎಸ್ಸೆಸ್ಸೆಲ್ಸಿ ಪಾಸು. ಬಾಟಲಿ ಮೇಲಿನ ಇಂಗ್ಲಿಷ್ ಓದುತ್ತಾಳೆ. ನಗು ಬಂದರೆ ಇಡೀ ಡಯಾಲಿಸಿಸ್ ವಾರ್ಡಿಗೆ ಕೇಳುವ ಹಾಗೆ ನಗುತ್ತಾಳೆ.

ಇವತ್ತು ಸಿಸ್ಟರ್ ನಮ್ಮಿಬ್ಬರನ್ನೂ ಕರೆದು ಒಂದು ವಿಷಯ ಹೇಳಿದರು. ವಾರ್ಡಿನ ಕೊನೆಯ ಕೋಣೆಯನ್ನು ರಕ್ತದಲ್ಲಿ ಹೆಪಟೈಟಿಸ್ ಇರುವವರಿಗೆ ಅಂತ ಬೇರೆ ಮಾಡಿದ್ದಾರೆ. ಅಲ್ಲಿನ ಮಿಷಿನ್ನೇ ಬೇರೆ, ಪೊರಕೆ ಬಕೆಟ್ಟೇ ಬೇರೆ. ಆ ಕೋಣೆಗೆಂದೇ ಒಬ್ಬ ಆಯಾ ಬೇಕು. ಅವಳು ಇನ್ನು ಮೇಲೆ ಕಕ್ಕಸು ತೊಳೆಯುವ ಹಾಗಿಲ್ಲ, ಕಾರಿಡಾರ್ ಒರೆಸುವ ಹಾಗಿಲ್ಲ. ನರ್ಸುಗಳ ಜೊತೆಯಲ್ಲೇ ಇರುತ್ತಾಳೆ.

“ಒಂದು ತಿಂಗಳು ನೋಡ್ತೀನಿ. ಯಾರು ಗೌನು ಗ್ಲೌಸು ಎಲ್ಲಾ ಕ್ರಮವಾಗಿ ಹಾಕಿ ಕ್ರಮವಾಗಿ ಬಿಚ್ತಾರೋ ಅವರಿಗೆ” ಎಂದರು.

ನಾಲ್ಕು ವರ್ಷ ಆದವಳಿಗೂ ಮೂರು ತಿಂಗಳಾದವಳಿಗೂ ಒಂದೇ ಪರೀಕ್ಷೆ.

ಫೆಬ್ರವರಿ 5, ಬುಧವಾರ

ಸಿಸ್ಟರ್ ಎಲ್ಲ ಆಯಾಗಳನ್ನೂ ಸೇರಿಸಿ ಪಾಠ ಮಾಡಿದರು. ಬಿಚ್ಚುವ ಕ್ರಮ ನನಗೆ ಬಾಯಿಪಾಠವಾಗಿದೆ. ಮೊದಲು ಗ್ಲೌಸು, ಒಳಗಿನದು ಹೊರಗೆ ಬರುವ ಹಾಗೆ. ಕೈಗೆ ಔಷಧಿ. ಆಮೇಲೆ ಕನ್ನಡಕ, ಗೌನು. ಮಾಸ್ಕು ಕಡೆಗೆ, ಅದೂ ದಾರ ಹಿಡಿದು. ಗ್ಲೌಸು ಕೆಂಪು ಚೀಲಕ್ಕೆ, ಮಾಸ್ಕು ಗೌನು ಹಳದಿ ಚೀಲಕ್ಕೆ. ಓದು ಬಾರದವಳಿಗೂ ಬಣ್ಣ ಮೋಸ ಮಾಡುವುದಿಲ್ಲ.

ದಾಸಮ್ಮ ನಮ್ಮಲ್ಲೆಲ್ಲ ಹಿರಿಯಳು. ಬೆಡ್‌ಪ್ಯಾನ್ ತೊಳೆದ ಗ್ಲೌಸಿನಲ್ಲೇ ಬಾಗಿಲು ತೆಗೆದು, ಸೆರಗು ಸಿಕ್ಕಿಸಿಕೊಂಡು, ಮೂಗನ್ನೂ ಕೆರೆದುಕೊಂಡಳು.

“ಯೇ ದಾಸಮ್ಮ!” ಸಿಸ್ಟರ್ ಕೂಗಿದರು.

“ಗ್ಲೌಸು ಹಾಕ್ಕಂಡಿವ್ನಲ್ಲ ಸಿಸ್ಟರಮ್ಮ, ನಂಗೇನಾಯ್ತದೆ?”

“ನಿನಗಲ್ಲ ಕಣೆ, ಆ ಚಿಲಕ ಮುಟ್ಟೋ ಮುಂದಿನೋರಿಗೆ. ಇದನ್ನ ಮಡಿ ಇದ್ದಂಗೆ ಅನ್ಕೋ. ಮಡೀಲಿರೋರು ಮೈಲಿಗೆ ಮುಟ್ಟಿದ್ರೆ...”

ದಾಸಮ್ಮ ಗ್ಲೌಸು ಬಿಚ್ಚಿ ಚೀಲಕ್ಕೆ ಹಾಕಿದಳು. “ಆ ಮಾತು ನಮ್ ತಾವ ಆಡಬ್ಯಾಡಿ. ಅದನ್ನ ಕೇಳ್ಕಂಡು ಮಂದಿ ಮನೆ ಬಾಗಿಲಾಚೆ ನಿಂತು ನಿಂತು ನಮ್ಮವ್ವನ ಕಾಲ ಮುಗೀತು. ಬ್ಯಾರೆ ಏನಾರ ಹೇಳಿ.”

ಸಿಸ್ಟರ್ ಮುಖ ಕೆಂಪಾಯಿತು. ಅವರ ಮನೆಯಲ್ಲಿ ಪೂಜೆ ಆಗದೆ ಒಲೆ ಹಚ್ಚುವುದಿಲ್ಲ, ಅವರಿಗೆ ಆ ಮಾತು ಚುಚ್ಚಬಹುದೆಂದು ಹೊಳೆದೇ ಇರಲಿಲ್ಲ. “ತಪ್ಪಾಯ್ತು ದಾಸಮ್ಮ” ಎಂದರು. ಪಾಠ ಅಲ್ಲಿಗೇ ನಿಂತಿತು.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ದಾಸಮ್ಮ ಮುದ್ದೆ ಮುರಿಯುತ್ತಿದ್ದಳು. ಸಾರಿನ ಡಬ್ಬಿ ಅವಳ ಕಡೆ ತಳ್ಳಿದೆ. “ಕೈ ಎಂಜಲು ಕಣವ್ವ, ನೀನೇ ಬಡ್ಸು” ಎಂದಳು. ಫೋನು ಬಂತು, ಎಡಗೈಯಲ್ಲಿ ಎತ್ತಿದಳು. ನೀರಿನ ಲೋಟವನ್ನೂ ಎಡಗೈಯಲ್ಲೇ. ಬಲಗೈ ತಟ್ಟೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಯಾರೂ ಹೇಳಿಕೊಡದೆ, ನೆನಪು ಮಾಡದೆ.

ನನಗೆ ಆಗ ಹೊಳೆಯಿತು. ಪಕ್ಕದಲ್ಲಿ ಬಿಂದು ಇದ್ದಳು. ಬೇರೆ ಯಾರಿಗೂ ಕೇಳದ ಹಾಗೆ ಹೇಳಿದೆ: “ಗ್ಲೌಸು ಹಾಕಿದ ಕೈ ಎಂಜಲು ಕೈ ಅಂದ್ರೆ ಆಯ್ತಲ್ವಾ?”

“ಹ್ಞಾಂ?” ಎಂದಳು. ಆಮೇಲೆ “ಚೆನ್ನಾಗೈತೆ ಕಣಕ್ಕ” ಎಂದಳು.

ಫೆಬ್ರವರಿ 7, ಶುಕ್ರವಾರ

ಕದ್ದಳು.

ಎಲ್ಲರ ಮುಂದೆ, ಸಿಸ್ಟರ್ ಮುಂದೆ, ಕೈ ಮೇಲೆತ್ತಿ ಹೇಳಿದಳು: “ಗ್ಲೌಸು ಹಾಕಿದ ಕೈ ಎಂಜಲು ಕೈ! ಎಂಜಲು ಕೈಲಿ ಸೌಟು ಮುಟ್ತೀರಾ? ಮಡಕೆ ಮುಟ್ತೀರಾ? ಅಂಗೇ ಚಿಲಕ ಮುಟ್ಬೇಡಿ, ಫೋನ್ ಮುಟ್ಬೇಡಿ.” ದಾಸಮ್ಮ “ಅಯ್ ಅಷ್ಟೇಯಾ! ಇದನ್ನ ಮೊದ್ಲೇ ಹೇಳಬಾರ್ದಾ!” ಎಂದು ನಕ್ಕುಬಿಟ್ಟಳು. ಆಮೇಲೆ ಗ್ಲೌಸು ಹಾಕಿಕೊಂಡು, ಕೈಯನ್ನು ಊಟದ ಮಧ್ಯೆ ಎದ್ದವಳ ಹಾಗೆ ದೂರ ಹಿಡಿದು, ಮೊಣಕೈಯಲ್ಲಿ ಬಾಗಿಲು ತಳ್ಳಿದಳು. ಸಿಸ್ಟರ್ ಬಿಂದುವಿನ ಬೆನ್ನು ತಟ್ಟಿದರು. “ನಾನು ಇಪ್ಪತ್ತು ವರ್ಷದಿಂದ ಹೇಳ್ತಿರೋದನ್ನ ಒಂದೇ ಮಾತಲ್ಲಿ ಹೇಳ್ಬುಟ್ಟೆ.”

ಆಗ ಅವಳು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

ಆ ಮಾತನ್ನು ಅವಳ ಕೈಯಲ್ಲೇ ಬರೆಸಿ ಬಾಗಿಲಿಗೆ ಅಂಟಿಸಿದ್ದಾರೆ. ಅಕ್ಷರ ಮುತ್ತಿನ ಹಾಗಿದೆ. ಕೆಳಗೆ ಅವಳ ಹೆಸರೂ ಇದೆ. ದಿನಕ್ಕೆ ಇಪ್ಪತ್ತು ಸಲ ಆ ಬಾಗಿಲು ದಾಟಬೇಕು ನಾನು.

ಫೆಬ್ರವರಿ 14, ಶುಕ್ರವಾರ

ಅವಳು ಮಾಸ್ಕನ್ನು ಮೊದಲೇ ಬಿಚ್ಚುತ್ತಾಳೆ. ಗ್ಲೌಸು ಇನ್ನೂ ಕೈಯಲ್ಲೇ ಇರುತ್ತದೆ, ಮಾಸ್ಕು ಗದ್ದಕ್ಕೆ ಇಳಿದಿರುತ್ತದೆ. ಮಾತಾಡುವ ಅವಸರ. ಈ ವಾರ ಹೀಗೆ ಏಳು ಸಲ ಆಗಿದೆ. ಮಂಗಳವಾರ ಗೌನಿನ ಎದೆ ಭಾಗ ಮುಟ್ಟಿ ಬಿಚ್ಚಿದಳು, ಅದೇ ಕೈಯಲ್ಲಿ ಮುಂಗೂದಲು ಹಿಂದಕ್ಕೆ ಮಾಡಿಕೊಂಡಳು. ಎಲ್ಲವನ್ನೂ ನೋಡಿದ್ದೇನೆ. ಒಂದೂ ಬಿಟ್ಟಿಲ್ಲ.

ನೋಡಿದಾಗಲೆಲ್ಲ ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗಾಗುತ್ತದೆ. ಇದನ್ನು ಬರೆಯುವುದಕ್ಕೆ ನಾಚಿಕೆ. ಆದರೂ ಹಾಗೇ ಆಗುತ್ತದೆ.

ಫೆಬ್ರವರಿ 19, ಬುಧವಾರ

ವೆಂಕಟರಾಮಯ್ಯನವರು ಪಾವಗಡದಿಂದ ಸೋಮವಾರ, ಬುಧವಾರ, ಶುಕ್ರವಾರ ಬರುತ್ತಾರೆ. ಕೊನೆ ಕೋಣೆಗೆ ಸದ್ಯಕ್ಕೆ ಅವರೊಬ್ಬರೇ. ನಾಲ್ಕು ಗಂಟೆ ಮಲಗಿರಬೇಕು, ಆದ್ದರಿಂದ ಮಾತಿಗೆ ಜನ ಬೇಕು. ಮಾತಿನಲ್ಲಿ ಅರ್ಧ ತೆಲುಗು.

“ಏಮ್ಮಾ ಬಿಂದೂ, ರಾ ರಾ! ಇವತ್ತು ಮುಖ ಬಾಡೈತಲ್ಲ, ನಿನ್ ಹುಡುಗ ಫೋನ್ ಮಾಡಲಿಲ್ವಾ?”

“ಮಾಡಿದ್ರು ತಾತ, ನೀವು ಬಿಲ್ ಕಟ್ತೀರಾ ಅಂತ ಕೇಳಿದ್ರು!”

ಇಬ್ಬರೂ ನಗುತ್ತಾರೆ. ನಾನು ಒಳಗೆ ಹೋದರೆ “ಆ ಮಾತಾಡದ ಅಮ್ಮಾಯಿ ಬಂತು” ಎಂದು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಬಿಂದುಗೆ ಶಿರಾದಲ್ಲಿ ಸಂಬಂಧ ಗೊತ್ತಾಗಿದೆ. ಶಾಸ್ತ್ರಕ್ಕೆ ಅತ್ತೆಯಾಗುವವರು ತೊಡಿಸಿದ ಹಸಿರು ಗಾಜಿನ ಬಳೆ, ಕೈಗೆ ಆರಾರು. ಮದುವೆ ಮುಗಿಯುವ ತನಕ ತೆಗೆಯಬಾರದಂತೆ. ಸಿಸ್ಟರ್ ಎರಡು ಸಲ ಬೈದರು. “ಗ್ಲೌಸ್ ಒಳಗೆ ಬಳೆ ಇಟ್ಕೊಂಡು ಬಂದ್ರೆ ಕೋಣೆ ಹತ್ರ ಸೇರಿಸಲ್ಲ.” ಅವಳು “ತೆಗೀತೀನಿ ಸಿಸ್ಟರ್” ಎಂದವಳು, ಬಚ್ಚಲಿಗೆ ಹೋಗಿ ಬಳೆಗಳನ್ನು ಮೊಣಕೈ ಕಡೆ ಸರಿಸಿ ಪ್ಲಾಸ್ಟರ್ ಸುತ್ತಿಕೊಂಡು ಬಂದಳು. ಮೇಲೆ ಗೌನಿನ ತೋಳು. ಸಿಸ್ಟರ್‌ಗೆ ಕಾಣುವುದಿಲ್ಲ. ನನಗೆ ಕಾಣುತ್ತದೆ.

“ಅಕ್ಕ, ಹೇಳ್ಬೇಡ ಕಣಕ್ಕ. ಅತ್ತೆಗೆ ಗೊತ್ತಾದ್ರೆ ಶುರುವಲ್ಲೇ ಜಗಳ” ಎಂದಳು.

ನನ್ನ ನೋಡಲು ಬಂದವರು ಇಬ್ಬರು. ಹುಡುಗಿ ಬಾಯೇ ಬಿಡುವುದಿಲ್ಲ, ಮೂಗಿಯೇನೋ ಎಂದು ಇಬ್ಬರೂ ಹೋದರು. ಬಳೆ ವಿಷಯ ನಾನು ಸಿಸ್ಟರ್‌ಗೆ ಹೇಳಲಿಲ್ಲ. ಅವಳ ಮೇಲಿನ ಪ್ರೀತಿಗಲ್ಲ. ತಾನಾಗಿ ಸಿಕ್ಕಿಬೀಳಲಿ ಎಂದು.

ಮಾರ್ಚ್ 5, ಬುಧವಾರ

ಬಿಂದು ಕೈಗೆ ರಕ್ತ ತಾಗಿತು. ವೆಂಕಟರಾಮಯ್ಯನವರದು. ಸೂಜಿ ತೆಗೆದ ಮೇಲೆ ಹತ್ತಿ ಜಾರಿ ರಕ್ತ ಚಿಮ್ಮಿತು. ಅವಳು ಓಡಿಹೋಗಿ ಒತ್ತಿ ಹಿಡಿದಳು. ಆಮೇಲೆ ನೋಡಿದರೆ ಮಣಿಕಟ್ಟಿನ ಹತ್ತಿರ ಗ್ಲೌಸು ಹರಿದಿತ್ತು. ಒಂದು ಬಳೆ ಜಾರಿ ಒಡೆದು ಅವಳ ಚರ್ಮವನ್ನೂ ಗೀರಿತ್ತು. ಅವರ ರಕ್ತ ಅವಳ ಗಾಯಕ್ಕೆ ಹೋಗಿದೆ.

ನನಗೇನೂ ಮೊದಲೇ ಗೊತ್ತಿರಲಿಲ್ಲ.

ಮಾರ್ಚ್ 6, ಗುರುವಾರ

ಸೋಪು ಹಾಕಿ ತೊಳೆಸಿದರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ತುಮಕೂರಿನಿಂದ ಒಂದು ಇಂಜೆಕ್ಷನ್ ತರಿಸಿ ಹಾಕಿದರು. ಈ ಕಾಯಿಲೆ ಬರದ ಹಾಗೆ ಮೊದಲೇ ಮೂರು ಸೂಜಿ ಹಾಕಿಸಿಕೊಳ್ಳಬೇಕು, ನನಗೆ ಮೂರೂ ಆಗಿವೆ. ಅವಳಿಗೆ ಎರಡೇ ಆಗಿತ್ತು. ಬರುವ ಸಂಭವ ಕಡಿಮೆ, ಆದರೆ ಇಲ್ಲ ಎಂದು ಹೇಳಬೇಕಾದರೆ ಆರು ತಿಂಗಳು ಕಾಯಬೇಕು ಎಂದರು ಡಾಕ್ಟರು.

ಎಲ್ಲರೂ ಅವಳ ಸುತ್ತ. ದಾಸಮ್ಮ ಮನೆಯಿಂದ ಉಪ್ಪಿಟ್ಟು ಮಾಡಿ ತಂದಿದ್ದಳು. ವೆಂಕಟರಾಮಯ್ಯ ಮಗನ ಕೈಲಿ ಸೇಬು ಕಳಿಸಿದ್ದಾರೆ, ಜೊತೆಗೆ ಫೋನಿನಲ್ಲಿ ಅತ್ತರಂತೆ. ಸಿಸ್ಟರ್ ಅವಳ ತಲೆ ಸವರಿದರು. ನನಗೇ ಹೀಗಾಗಿದ್ದರೆ ಉಪ್ಪಿಟ್ಟು ಯಾರು ತರುತ್ತಿದ್ದರು ಎಂದು ಯೋಚನೆ ಬಂತು. ಅಂಥ ಹೊತ್ತಿನಲ್ಲೂ ಅದೇ ಯೋಚನೆ ಬಂತು.

ಮಾರ್ಚ್ 8, ಶನಿವಾರ

ಬಿಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತಿದ್ದಳು. ಕೈ ಬರಿದಾಗಿತ್ತು. ಹನ್ನೆರಡೂ ಬಳೆ ತೆಗೆದಿದ್ದಾಳೆ. ಶಿರಾದವರಿಗೆ ತಾನೇ ಫೋನು ಮಾಡಿ ಹೇಳಿದಳಂತೆ. ಹುಡುಗ ಪರವಾಗಿಲ್ಲ ಎಂದನಂತೆ. ಅವನ ತಾಯಿ ಮಾತ್ರ ಆರು ತಿಂಗಳು ಕಳೀಲಿ ಎಂದರಂತೆ.

“ಅಕ್ಕ” ಎಂದಳು. “ನಾನು ಒಳಗೆ ಹೋಗೋವಾಗ ಗ್ಲೌಸು ಚೆನ್ನಾಗಿತ್ತು ಅಲ್ವಾ? ನೀನು ಬಾಗಿಲಲ್ಲೇ ಇದ್ದೆ. ಮೇನೇಜರ್ರು, ಹರಿದಿದ್ದು ಗೊತ್ತಿದ್ದೂ ಉಡಾಫೆ ಮಾಡಿ ಹೋಗಿದೀಯ ಅಂತಾರೆ. ನಂಗೆ ಗೊತ್ತಿದ್ರೆ ಹೋಗ್ತಿದ್ನಾ? ಒಳಗೆ ಹೋದ್ಮೇಲೇ ಹರಿದಿದ್ದು ಅಂತ ನೀನಾದ್ರೂ ಹೇಳು.”

ನಾನು ತಲೆ ಅಲ್ಲಾಡಿಸಿದೆ. ಹೌದು ಎಂದೋ, ಇಲ್ಲ ಎಂದೋ ಅವಳಿಗೆ ತಿಳಿದಿರಲಾರದು.

ಮಾರ್ಚ್ 9, ಭಾನುವಾರ

ಬುಧವಾರ ಬರೆದದ್ದು ಸುಳ್ಳು. ಯಾರೂ ಓದದ ಪುಸ್ತಕದಲ್ಲಿ ಯಾಕೆ ಸುಳ್ಳು ಬರೆದೆ?

ನಾನು ನೋಡಿದೆ. ಅವಳು ಒಳಗೆ ಹೋಗುವ ಮುಂಚೆಯೇ. ಎಡಗೈ ಗ್ಲೌಸು ಎಳೆದುಕೊಂಡಾಗ ಮಣಿಕಟ್ಟಿನ ಹತ್ತಿರ ಸೀಳಿತು. ಒಂದು ಅವರೆಕಾಳಿನಷ್ಟು. ಅದರೊಳಗೆ ಹಸಿರು ಮಿಂಚಿತು. ಅವಳು ವೆಂಕಟರಾಮಯ್ಯನವರ ಕಡೆ ತಿರುಗಿ ಏನೋ ಹೇಳುತ್ತಿದ್ದಳು, ಕೈ ನೋಡಿಕೊಳ್ಳಲಿಲ್ಲ. ನಾನು ಬಾಯಿ ತೆರೆದೆ. ಅದೇ ಹೊತ್ತಿಗೆ ಸಿಸ್ಟರ್ ಆಚೆ ಯಾರಿಗೋ “ಬಿಂದು ಇದ್ರೆ ನಂಗೆ ಅರ್ಧ ಕೆಲಸ ಕಡಿಮೆ ಕಣಮ್ಮ” ಎಂದರು.

ಬಾಯಿ ಮುಚ್ಚಿದೆ. ಹೊರಗೆ ಬಂದಾಗ ಸಿಸ್ಟರೇ ನೋಡಲಿ, ಕೋಣೆ ಯಾರಿಗೆ ಕೊಡಬೇಕು ಅಂತ ಆಗ ಗೊತ್ತಾಗುತ್ತದೆ ಎಂದುಕೊಂಡೆ. ಅಷ್ಟೇ. ರಕ್ತ ಚಿಮ್ಮುತ್ತದೆ ಎಂದು ಎಣಿಸಿರಲಿಲ್ಲ.

ಎಣಿಸಿರಲಿಲ್ಲ ಎಂದು ಮೂರು ಸಲ ಬರೆದು ಹೊಡೆದುಹಾಕಿದೆ. ಈ ವಾರ್ಡಿನಲ್ಲಿ ಏನು ಆಗಬಹುದು ಎಂದು ನಾಲ್ಕು ವರ್ಷದಿಂದ ನನಗೆ ಗೊತ್ತು. ಗ್ಲೌಸು ಇರುವುದೇ ಅದಕ್ಕೆ.

ಮಾರ್ಚ್ 10, ಸೋಮವಾರ

ಸಿಸ್ಟರ್ ಮೇಜಿನ ಮೇಲೆ ಒಂದು ಫಾರಂ ತುಂಬಿಸುತ್ತಿದ್ದರು. ಯಾರಿಗಾದರೂ ರಕ್ತ ತಾಗಿದರೆ ತುಂಬಿಸುವ ಫಾರಂ. ನಾನು ನೆಲ ಒರೆಸುತ್ತಾ ಹತ್ತಿರ ಹೋದೆ. ಅವರು ಬಾಯಲ್ಲಿ ಹೇಳಿಕೊಂಡೇ ಬರೆಯುತ್ತಾರೆ. “ಎಲ್ಲಿ... ಯಾವಾಗ... ಗ್ಲೌಸ್ ಯಾವಾಗ ಹರಿಯಿತು, ತಿಳಿಯದು... ನೋಡಿದವರ ಹೆಸರು, ಯಾರೂ ಇಲ್ಲ.”

“ಇದ್ದರು” ಎಂದೆ.

ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು. “ನಾನು ನೋಡಿದೆ ಸಿಸ್ಟರ್. ಒಳಗೆ ಹೋಗೋಕೆ ಮುಂಚೇನೇ ಹರಿದಿತ್ತು. ಅವಳು ನೋಡ್ಕೊಳ್ಳಲಿಲ್ಲ. ನಾನು ನೋಡಿದೆ. ಹೇಳಲಿಲ್ಲ.”

ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ.

“ಯಾಕೆ ಲಕ್ಷ್ಮೀದೇವಿ?”

ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ಕೋಣೆ ನಂಗೆ ಸಿಗಲಿ ಅಂತ.”

ಅವರು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ “ಯಾರೂ ಇಲ್ಲ” ಎಂಬುದನ್ನು ಹೊಡೆದು ನನ್ನ ಹೆಸರು ಬರೆದರು. ಪಕ್ಕದಲ್ಲಿ ಸಹಿ ಹಾಕು ಎಂದರು. ಹಾಕಿದೆ. “ಬಿಂದುಗೆ ನೀನೇ ಹೇಳಬೇಕು. ನಾನು ಹೇಳಲ್ಲ” ಎಂದರು.

ಮಾರ್ಚ್ 12, ಬುಧವಾರ

ಹೇಳಿದೆ. ಬಸ್ ಸ್ಟ್ಯಾಂಡಿನಲ್ಲಿ, ಊರಿಗೆ ಹೋಗಲು ಶಿರಾ ಬಸ್ಸಿಗೆ ಕಾಯುತ್ತಿದ್ದಳು. ಜನ ಇದ್ದರು. ಇದ್ದರೆ ಇರಲಿ ಎಂದು ಹೇಳಿಬಿಟ್ಟೆ.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು.

“ಎಂಜಲು ಕೈ ಮಾತು ನಾನು ಹೇಳ್ಬುಟ್ಟೆ ಅಂತ ತಾನೆ? ಅದಕ್ಕೆ ತಾನೆ? ಅವತ್ತು ನಿನ್ ಮಖ ನೋಡ್ದೆ ನಾನು. ನಂದು ಅನ್ನು, ಅನ್ನು ಅಂತ ನೋಡ್ತಾನೇ ಇದ್ದೆ. ಬಾಯಿರಲಿಲ್ವಾ ನಿಂಗೆ? ಆಮೇಲೆ ಎಲ್ಲಾ ಹೊಗಳಿದ್ರು, ನಂಗೂ ಚೆನ್ನಾಗಿತ್ತು, ಇಟ್ಕೊಂಡೆ. ತಪ್ಪೇಯ. ಅದಕ್ಕೆ ನಂಗೆ ಇಂಗೆ ಮಾಡೋದಾ?”

“ಇಲ್ಲ... ಹೌದು” ಎಂದೆ.

“ಒಂದೇ ಒಂದು ಮಾತು ಸಾಕಿತ್ತು. ಬಿಂದೂ ಅಂದಿದ್ರೆ ಸಾಕಿತ್ತು.”

ಬಸ್ಸು ಬಂತು. ಹತ್ತುವಾಗ ತಿರುಗಿ, “ಇನ್ಮೇಲೆ ನಿನ್ನ ಅಕ್ಕ ಅನ್ನಲ್ಲ” ಎಂದಳು.

ಮಾರ್ಚ್ 24, ಸೋಮವಾರ

ಸಿಸ್ಟರ್ ತೀರ್ಮಾನ ಹೇಳಿದರು. ಬಿಂದುವಿನ ಮೊದಲ ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ, ಆದರೆ ಮುಂಚೆ ಕಾಯಿಲೆ ಇರಲಿಲ್ಲ ಎಂದು ಅದರಿಂದ ಗೊತ್ತಾಗುತ್ತದೆ ಅಷ್ಟೇ. ಮೂರನೇ ಸೂಜಿ ಆಗುವ ತನಕ ಅವಳು ಕೊನೆ ಕೋಣೆಗೆ ಹೋಗುವ ಹಾಗಿಲ್ಲ. ಆಮೇಲೆ ಕೋಣೆ ಅವಳದೇ. ಅಲ್ಲಿಯ ತನಕ ದಾಸಮ್ಮನದು. “ಇವಳು ಯಾರು ಹೇಳಿದ್ರೂ ಬಳೆ ತೆಗೀತಾಳೆ. ಯಾಕಂದ್ರೆ ಹಾಕೋದೇ ಇಲ್ಲ” ಎಂದರು. ದಾಸಮ್ಮ “ನಂಗ್ಯಾವ ಅತ್ತೆ ಬರ್ತಾಳೆ ಬುಡಿ ಈ ವಯಸ್ಸಲ್ಲಿ” ಎಂದಳು. ಬಿಂದು ಕೂಡ ನಕ್ಕಳು. ಹಳೆಯ ನಗುವಲ್ಲ, ಸಣ್ಣದು.

ನನಗೆ ಬಾಗಿಲು. ಕೋಣೆಯೊಳಗೆ ಯಾರೇ ಹೋಗಲಿ, ಯಾರೇ ಬರಲಿ, ಮುಂಚೆ ನಾನು ನೋಡಬೇಕು. ಹಾಕುವಾಗ ನೋಡಬೇಕು, ಬಿಚ್ಚುವಾಗ ನೋಡಬೇಕು. ತಪ್ಪಿದ್ದರೆ ಬಾಯಿ ಬಿಟ್ಟು ಹೇಳಬೇಕು.

“ನಿನ್ನಷ್ಟು ನೋಡೋರು ಈ ಆಸ್ಪತ್ರೇಲಿ ಇನ್ನೊಬ್ಬರಿಲ್ಲ” ಎಂದರು ಸಿಸ್ಟರ್. ಹೊಗಳಿಕೆ ಏನಲ್ಲ. ಶಿಕ್ಷೆ ಅಂತಲೇ ನಾನು ತಿಳಿದುಕೊಂಡಿದ್ದೇನೆ. ಕೋಣೆ ಅವಳಿಗೆ, ಬಾಗಿಲು ನನಗೆ. ಒಳಗೆ ನಗುವವರು ಅವರು, ಹೊರಗೆ ನಿಲ್ಲುವವಳು ನಾನು.

ಮಾರ್ಚ್ 28, ಶುಕ್ರವಾರ

ಇವತ್ತು ಹೊಸ ಡಾಕ್ಟರಿಗೆ ಮಾಸ್ಕು ಮೂಗಿನ ಮೇಲೆ ಬರಬೇಕು ಎಂದೆ. ಟೆಕ್ನೀಷಿಯನ್ ಗ್ಲೌಸಿನಲ್ಲೇ ಫೋನು ತೆಗೆದ, ಅವನನ್ನು ವಾಪಸ್ಸು ಕಳಿಸಿ ಕೈ ತೊಳೆಸಿದೆ. ದಾಸಮ್ಮ ಎರಡು ತಪ್ಪು. ವೆಂಕಟರಾಮಯ್ಯ ಒಳಗಿಂದ “ಆ ಅಮ್ಮಾಯಿ ಗಂಟಲು ಬಸ್ ಸ್ಟ್ಯಾಂಡಿಗೆ ಕೇಳ್ತದೆ, ಸ್ವಲ್ಪ ಮೆಲ್ಲಗೆ ಮಾತಾಡಮ್ಮಾ, ನಿದ್ದೆ ಬರಲ್ಲ” ಎಂದು ಬೈದರು.

ಬಿಂದು ಬೇರೆ ಮಿಷಿನ್‌ಗಳ ಹತ್ತಿರ ಇದ್ದಾಳೆ. ಅಲ್ಲಿ ಮೂರು ಜನ ರೋಗಿಗಳು ಈಗಲೇ ಅವಳನ್ನು ಮಗಳೇ ಎನ್ನುತ್ತಾರೆ. ನಾಲ್ಕು ದಿನದಲ್ಲಿ ಅವಳಿಗೆ ಅದು ಹೇಗೆ ಆಗುತ್ತದೋ.

ನನ್ನ ಜೊತೆ ಮಾತಿಲ್ಲ. ಬಕೆಟ್ಟು ಬೇಕಾದರೆ ದಾಸಮ್ಮನ ಹತ್ತಿರ ಹೇಳುತ್ತಾಳೆ, ದಾಸಮ್ಮ ನನಗೆ ಹೇಳುತ್ತಾಳೆ, ನಾನು ಅವಳ ಮುಂದೆಯೇ ಇರುತ್ತೇನೆ.

ಏಪ್ರಿಲ್ 9, ಬುಧವಾರ

ದಾಸಮ್ಮನಿಗೆ ಜ್ವರ, ಬಂದಿಲ್ಲ. ವಾರ್ಡಿನಲ್ಲಿ ಒಬ್ಬ ರೋಗಿಗೆ ವಾಂತಿಯಾಯಿತು. ಕ್ಲೀನು ಮಾಡಲು ಬಿಂದುವೇ ಹೋಗಬೇಕಾಯಿತು. ಅವಳು ಮಾಸ್ಕು ಹಾಕಿದಳು, ಗೌನು ಹಾಕಿದಳು, ಕನ್ನಡಕ ಹಾಕಿದಳು. ಅದು ಕೊನೆ ಕೋಣೆಯ ಬಾಗಿಲಲ್ಲ, ನನ್ನ ಕೆಲಸವೂ ಅಲ್ಲ, ಆದರೂ ಹೋಗಿ ನಿಂತೆ. ಕನ್ನಡಕ ಸ್ವಲ್ಪ ಓರೆಯಾಗಿತ್ತು. “ಬಿಂದೂ, ಕನ್ನಡಕ” ಎಂದೆ. ಸರಿಮಾಡಿಕೊಂಡಳು. ಗ್ಲೌಸು ಹಾಕಿಕೊಂಡು ಎರಡೂ ಕೈ ನನ್ನ ಮುಖದ ಮುಂದೆ ಹಿಡಿದಳು. ಈ ಕಡೆ, ಆ ಕಡೆ. ಮಣಿಕಟ್ಟನ್ನು ಎರಡು ಸಲ ನೋಡಿದೆ.

“ಸರಿ ಇದೆ” ಎಂದೆ.

ಆಮೇಲೆ ಅವಳು ಬೆನ್ನು ತಿರುಗಿಸಿ ನಿಂತಳು. ಗೌನಿನ ದಾರ ಹಿಂದೆ ನೇತಾಡುತ್ತಿತ್ತು. ಕತ್ತಿನ ಹತ್ತಿರದ್ದು ಒಂದು, ಸೊಂಟದ ಹತ್ತಿರದ್ದು ಒಂದು. ಎರಡನ್ನೂ ಕಟ್ಟಿದೆ. ಸೊಂಟದ್ದನ್ನು ಬಿಗಿಯಾಗಿ, ಆದರೆ ಹೊರಗೆ ಬಂದ ಮೇಲೆ ಒಂದೇ ಎಳೆತಕ್ಕೆ ಬಿಚ್ಚುವ ಹಾಗೆ ಗಂಟು ಹಾಕಿದೆ.